ಹಿರಿಯರ ಕುರ್ಚಿ ಕ್ಲಾಸು: ಮುನ್ನೂರು ರೂಪಾಯಿಗೆ ಮೋಸವಿಲ್ಲ, ಆದರೆ ಆ ಮೆಟ್ಟಿಲು!

ಮೈಸೂರಿನಲ್ಲಿ ವಯಸ್ಸಾದವರಿಗೆ ವ್ಯಾಯಾಮ ಮಾಡಲು ಜಾಗವಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಿಂತರೆ ಊರಿನ ಅರ್ಧ ಪೆನ್ಷನ್‌ದಾರರು ಎದುರಿಗೆ ಸಿಗುತ್ತಾರೆ. ಮೊಣಕಾಲು ಗಟ್ಟಿ ಇರುವವರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ, ನಂದಿಗೆ ಕೈ ಮುಗಿದು ಇಳಿದು ಬಂದು, ಆ ಸುದ್ದಿಯನ್ನು ಮಧ್ಯಾಹ್ನದವರೆಗೂ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾರೆ. ಪಾರ್ಕಿಗೊಂದು ಯೋಗದ ಗುಂಪು, ಬಡಾವಣೆಗೊಂದು ನಗೆಕೂಟ. ಯೋಗವಂತೂ ನಮ್ಮ ಊರಿನದೇ ಸರಕು. 1930ರ ದಶಕದಲ್ಲಿ ನಾಲ್ವಡಿಯವರ ಆಶ್ರಯದಲ್ಲಿ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ ಶಿಷ್ಯ ಪಟ್ಟಾಭಿ ಜೋಯಿಸರ ಹೆಸರು ಕೇಳಿ ವಿದೇಶದವರು ಇವತ್ತಿಗೂ ಗೋಕುಲಂನಲ್ಲಿ ಬಾಡಿಗೆ ಮನೆ ಹಿಡಿದು ತಿಂಗಳುಗಟ್ಟಲೆ ಕಲಿಯುತ್ತಾರೆ. 2022ರ ಯೋಗ ದಿನಕ್ಕೆ ಪ್ರಧಾನಿಯೇ ಬಂದು ಅರಮನೆ ಮುಂದೆ ಆಸನ ಹಾಕಿದರು.

ಇಷ್ಟೆಲ್ಲ ಇದ್ದೂ ನಾನು ತಿಂಗಳಿಗೆ ಮುನ್ನೂರು ರೂಪಾಯಿ ಕೊಟ್ಟು ಸೇರಿರುವುದು ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ನಡೆಯುವ ಕುರ್ಚಿ ಕ್ಲಾಸಿಗೆ. ಬ್ಯಾನರಿನ ಮೇಲೆ ಹಿರಿಯರ ಸ್ವಾಸ್ಥ್ಯ ಕಾರ್ಯಕ್ರಮ ಎಂದು ಉದ್ದದ ಹೆಸರಿದೆ, ಆಟೋದವರಿಗೆ ಹಾಗೆಂದರೆ ಗೊತ್ತಾಗುವುದಿಲ್ಲ. ನಡೆಸುವುದು ಇಲ್ಲಿನ ಹಿರಿಯ ನಾಗರಿಕರ ಸಂಘ. ಸಂಘದ ಹೆಸರು ಹಾಕುವುದಿಲ್ಲ. ಮುಂದೆ ಒಂದಷ್ಟು ದೂರುಗಳಿವೆ, ಅಧ್ಯಕ್ಷರ ಮನೆ ನಮ್ಮ ಮನೆಯಿಂದ ಮೂರನೆಯದು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಏಳರಿಂದ ಎಂಟರವರೆಗೆ ಕ್ಲಾಸು. ಕಲಿಸುವವಳು ಬಿ.ಪಿ.ಟಿ. ಓದಿದ ಫಿಸಿಯೋಥೆರಪಿಸ್ಟ್ ಹುಡುಗಿ, ಇಲ್ಲಿ ಮುಗಿಸಿಕೊಂಡು ಸ್ಕೂಟರ್ ಹತ್ತಿ ಸೀದಾ ಕ್ಲಿನಿಕ್ಕಿಗೆ ಡ್ಯೂಟಿಗೆ ಹೋಗುತ್ತಾಳೆ. ಬರುವವರು ಮೂವತ್ತರ ಸುಮಾರು. ಗಂಡಸರು ಆರೋ ಏಳೋ.

ನನಗೀಗ ಅರವತ್ತೊಂಬತ್ತು. ಟೆಲಿಫೋನ್ ಇಲಾಖೆಯಲ್ಲಿ ಆಪರೇಟರ್ ಆಗಿದ್ದವಳು. ಟ್ರಂಕ್ ಕಾಲ್ ಕಾಲದಲ್ಲಿ ಹೆಡ್‌ಸೆಟ್ ಸಿಕ್ಕಿಸಿಕೊಂಡು ಬೋರ್ಡಿನ ಮುಂದೆ ಕೂತರೆ ಶಿಫ್ಟ್ ಮುಗಿಯುವವರೆಗೂ ಬಾಯಿಗೂ ಕೈಗೂ ಬಿಡುವಿರಲಿಲ್ಲ, ಕಾಲಿಗೆ ಮಾತ್ರ ಪೂರ್ತಿ ರಜೆ. ಅದರ ಬಡ್ಡಿ ಈಗ ಕಟ್ಟುತ್ತಿದ್ದೇನೆ. ತಗ್ಗಿನ ಸೋಫಾದಿಂದ ಏಳಬೇಕಾದರೆ ಎರಡೂ ಕೈ ಊರಬೇಕಿತ್ತು. ನೆಲದ ಮೇಲೆ ಕೂತು ಹೂ ಕಟ್ಟಿದರೆ ಏಳುವುದಕ್ಕೆ ಗೋಡೆಯಾದರೂ ಬೇಕು, ಮೊಮ್ಮಗನಾದರೂ ಬೇಕು. ಶುಗರ್ ಇದೆ, ಹದ್ದುಬಸ್ತಿನಲ್ಲಿದೆ. ಬಿ.ಪಿ.ಗೆ ದಿನಕ್ಕೊಂದು ಮಾತ್ರೆ. ವಾಕಿಂಗ್ ಯಾವತ್ತೂ ಬಿಟ್ಟವಳಲ್ಲ.

ಸೇರಿದ ದಿನ ವ್ಯಾಯಾಮ ಮಾಡಿಸಲಿಲ್ಲ, ಪರೀಕ್ಷೆ ಮಾಡಿದಳು. ಗೋಡೆಗೆ ಒತ್ತಿಟ್ಟ ಕುರ್ಚಿಯಲ್ಲಿ ಕೂತು, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಮತ್ತೆ ಕೂರುತ್ತೀರಿ ಎಂಬ ಲೆಕ್ಕ. ಕೈ ಊರಿದರೆ ಸೊನ್ನೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿದ್ದಾಳೆ. 65ರಿಂದ 69ರ ಹೆಂಗಸರು 11ಕ್ಕಿಂತ ಕಡಿಮೆ ಮಾಡಿದರೆ, ಅದೇ ವಯಸ್ಸಿನ ಗಂಡಸರು 12ಕ್ಕಿಂತ ಕಡಿಮೆ ಮಾಡಿದರೆ ಬೀಳುವ ಅಪಾಯ ಇದೆ ಎಂದು ಅರ್ಥ. 80ರಿಂದ 84ರ ಹೆಂಗಸರಿಗೂ 9 ಆಗಬೇಕು. ನನ್ನದು ಎಂಟಕ್ಕೇ ನಿಂತಿತು. ಅಂದರೆ ದಿನಾ ನಡೆಯುವ ನನಗಿಂತ ಎಂಬತ್ತೆರಡರ ಅಜ್ಜಿಯೊಬ್ಬರು ವಾಸಿ. ಪಕ್ಕದ ಕುರ್ಚಿಯಲ್ಲಿದ್ದ ನಿವೃತ್ತ ಪಿ.ಟಿ. ಮೇಷ್ಟ್ರು, ಎಪ್ಪತ್ತು ದಾಟಿದವರು, ಹದಿನಾಲ್ಕು ಮಾಡಿ ಮೀಸೆ ಒರೆಸಿಕೊಂಡು ಸುತ್ತ ನೋಡಿದರು.

ಇನ್ನೆರಡು ಪರೀಕ್ಷೆಗಳಿವೆ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ವಾಪಸ್ ಬಂದು ಕೂರಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಎಚ್ಚರ. ಆಮೇಲೆ ಒಂದು ಪಾದದ ಬೆರಳ ತುದಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸಿ, ಒಂದೇ ಗೆರೆಯ ಮೇಲೆ 10 ಸೆಕೆಂಡು ಅಲುಗಾಡದೆ ನಿಲ್ಲಬೇಕು. ಓದುವಾಗ ಇದೇನು ಮಹಾ ಅನ್ನಿಸುತ್ತದೆ. ಅಡುಗೆಮನೆ ಕಟ್ಟೆಯ ಪಕ್ಕ ನಿಂತು ಒಮ್ಮೆ ಮಾಡಿ ನೋಡಿ. ಕಟ್ಟೆ ಕೈಗೆಟಕುವಷ್ಟು ಹತ್ತಿರ ಇರಲಿ, ಆಮೇಲೆ ನನ್ನನ್ನು ಬಯ್ಯಬೇಡಿ.

ಮುನ್ನೂರರಲ್ಲಿ ನೂರೈವತ್ತು ಈ ಪರೀಕ್ಷೆಗೇ ಸಲ್ಲಬೇಕು. ನಾನು ನೋಡಿದ ಬೇರೆ ಯಾವ ಗುಂಪಿನಲ್ಲೂ ನನ್ನ ಕಾಲಿನಲ್ಲಿ ಎಷ್ಟು ಕಸುವಿದೆ ಎಂದು ಯಾರೂ ಕೇಳಿರಲಿಲ್ಲ.

ಪಾರ್ಕಿನ ಉಚಿತ ಯೋಗಕ್ಕೆ ನಾನು ಹೋಗಿದ್ದೇನೆ, ಹೋಗಿ ಎಂದು ಬೇರೆಯವರಿಗೂ ಹೇಳುತ್ತೇನೆ. ಕಾಸು ಕೇಳುವುದಿಲ್ಲ, ಹೊತ್ತಿಗೆ ಸರಿಯಾಗಿ ಶುರು, ಗುರುಗಳು ಸೇವೆ ಎಂದೇ ಮಾಡುತ್ತಾರೆ. ಪ್ರಾಣಾಯಾಮ ಮಾಡುತ್ತಿದ್ದ ದಿನಗಳಲ್ಲಿ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು, ಅದು ಸುಳ್ಳಲ್ಲ. ತೊಂದರೆ ಎಂದರೆ ಮೂವತ್ತರ ಸಾಫ್ಟ್‌ವೇರ್ ಹುಡುಗನೂ ಎಪ್ಪತ್ತೈದರ ಅಜ್ಜಿಯೂ ಒಂದೇ ಸಾಲಿನಲ್ಲಿ, ಒಂದೇ ಆಸನದಲ್ಲಿ. ಮುಂದೆ ನಿಂತವರು ಮೈಕಿನಲ್ಲಿ ಹೇಳುತ್ತಾ ಹೋಗುತ್ತಾರೆ, ಹಿಂದಿನ ಸಾಲಿನವರ ರೋಗ ರುಜಿನ ಅವರಿಗೆ ಹೇಗೆ ತಿಳಿಯಬೇಕು? ಗ್ಲಾಕೋಮಾ ಇರುವವರು ತಲೆ ಕೆಳಗಾಗುವ ಆಸನ ಮಾಡಬಾರದು, ಕಣ್ಣಿನೊಳಗಿನ ಒತ್ತಡ ಏರುತ್ತದೆ. ಮೂಳೆ ಸವೆದವರು ಬೆನ್ನು ಗೂನಿಸಿ ಮುಂದಕ್ಕೆ ಬಾಗಿದರೆ ಬೆನ್ನುಮೂಳೆಯ ಮಣಿ ಜಜ್ಜಿಹೋಗಬಹುದು. ಬಿ.ಪಿ. ಜಾಸ್ತಿ ಇರುವವರಿಗೆ ರಭಸದ ಕಪಾಲಭಾತಿ ಬೇಡ. ನೂರು ಜನರ ಗುಂಪಿನಲ್ಲಿ ಇದನ್ನೆಲ್ಲ ಒಬ್ಬೊಬ್ಬರಿಗೆ ಹೇಳುವವರು ಯಾರು. ಹಾಗೆಂದು ಯೋಗದಲ್ಲಿ ಕಾಲಿನ ಕೆಲಸ ಇಲ್ಲವೇ ಇಲ್ಲ ಎನ್ನಬೇಡಿ. ವೀರಭದ್ರಾಸನ, ವೃಕ್ಷಾಸನ ಎಲ್ಲ ಅದೇ. ಉತ್ಕಟಾಸನ ಎಂದರೆ ಕುರ್ಚಿ ಇಲ್ಲದ ಕುರ್ಚಿ ಕ್ಲಾಸೇ. ಆದರೆ ಹಿರಿಯರು ಹೆಚ್ಚಾದ ಕಡೆ ನಿಂತು ಮಾಡುವ ಆಸನ ಬೇಗ ಮುಗಿದು, ಮಲಗಿ ಮಾಡುವುದು, ಕೂತು ಉಸಿರು ಎಳೆಯುವುದು ಉದ್ದವಾಗುತ್ತದೆ. ಎಲ್ಲರಿಗೂ ಅದೇ ಹಿತ.

ನಗೆಕೂಟದ ವಿಷಯ ಬೇಗ ಮುಗಿಸುತ್ತೇನೆ. 1995ರ ಮಾರ್ಚ್‌ನಲ್ಲಿ ಮುಂಬೈನ ಪಾರ್ಕೊಂದರಲ್ಲಿ ಡಾಕ್ಟರ್ ಮದನ್ ಕಟಾರಿಯಾ ಐದೇ ಜನರನ್ನು ಕಟ್ಟಿಕೊಂಡು ಶುರು ಮಾಡಿದ್ದು ಇವತ್ತು ದೇಶದೇಶಗಳಲ್ಲಿದೆ. ಹೋ ಹೋ ಹಾ ಹಾ ಹಾ ಎಂದು ಕೈ ತಟ್ಟಿಕೊಂಡು ಸುತ್ತುವುದು. ಮನಸ್ಸು ಹಗುರಾಗುತ್ತದೆ, ಒಂಟಿಯಾಗಿರುವವರಿಗೆ ನಾಲ್ಕು ಮುಖ ಸಿಗುತ್ತವೆ. ನನಗೆ ಹೇಳಿಸಿಕೊಂಡು ನಗುವುದು ಒಗ್ಗಲಿಲ್ಲ. ನಮ್ಮ ಮನೆಯವರಿಗೆ ತುಂಬಾ ಹಿಡಿಸಿದೆ. ಮನೆಯಲ್ಲಿ ನಗದೆ ಉಳಿಸಿಕೊಂಡದ್ದನ್ನೆಲ್ಲ ಅಲ್ಲಿ ಹೋಗಿ ಖರ್ಚು ಮಾಡಿ ಬರುತ್ತಾರೆ.

ಪಾರ್ಕಿನ ಓಪನ್ ಜಿಮ್ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ಹಸಿರು ಹಳದಿ ಬಣ್ಣದ ಆ ಕಬ್ಬಿಣದ ಸಾಮಾನುಗಳಲ್ಲಿ ಹೆಚ್ಚಿನವಕ್ಕೆ ಭಾರ ಏರಿಸುವ, ಇಳಿಸುವ ಅನುಕೂಲವೇ ಇಲ್ಲ. ಗಾಳಿಯಲ್ಲಿ ಕಾಲು ಬೀಸುವ ಯಂತ್ರದ ಮೇಲೆ ನಿಂತು ಹಿಂದೆ ಮುಂದೆ ಜೀಕಿದರೆ ಮಜಾ ಬರುತ್ತದೆ, ತೊಡೆಗೆ ಹೇಳಿಕೊಳ್ಳುವ ಕೆಲಸ ಇಲ್ಲ. ಇಳಿಯುವಾಗ ಅದು ಇನ್ನೂ ಜೀಕುತ್ತಿರುತ್ತದೆ, ಬೀಳುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇಕೆ? ಸೊಂಟ ತಿರುಚುವ ಚಕ್ರದ ಮೇಲೆ ಮೂಳೆ ಸವೆದವರು ಹತ್ತಲೇಬಾರದು. ಯಾವುದನ್ನು ಯಾರು ಮಾಡಬೇಕು ಎಂದು ಕನ್ನಡದಲ್ಲಿ ಒಂದು ಬೋರ್ಡಿಲ್ಲ. ಸಂಜೆ ಮಕ್ಕಳು ಅದರ ಮೇಲೆ ಕೋತಿಯಾಟ ಆಡುತ್ತಾರೆ, ಅವರಿಗಾದರೂ ಉಪಯೋಗವಾಗುತ್ತಿದೆಯಲ್ಲ.

ಹಾಗಾದರೆ ನಮಗೆ ಬೇಕಾದದ್ದು ಏನು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವುದನ್ನು ಹುಡುಗಿ ಬಿಳಿ ಹಲಗೆಯ ಮೇಲೆ ಬರೆದು ವಿವರಿಸಿದಳು. 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಮೈ ಬೆಚ್ಚಗಾಗುವಂತೆ ನಡೆಯುವುದೋ ಮತ್ತೊಂದೋ ಮಾಡಬೇಕು. ಅದರ ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಅದಲ್ಲದೆ 3 ದಿನ ಸಮತೋಲನದ ಅಭ್ಯಾಸ. ನಮ್ಮ ಕೆರೆ ಏರಿಯ ಮಂದಿಯೆಲ್ಲ ಮೊದಲನೆಯದನ್ನು ಮಾಡಿ ಮೂರೂ ಮುಗಿಯಿತು ಎಂದುಕೊಂಡಿದ್ದಾರೆ. ನಡೆದರೆ ಗುಂಡಿಗೆಗೆ ಒಳ್ಳೆಯದು, ಶುಗರಿಗೆ ಒಳ್ಳೆಯದು. ಆದರೆ ವಯಸ್ಸಾದಂತೆ ತೊಡೆಯ ಮಾಂಸ ಕರಗುತ್ತದೆ, ಬರೀ ಸಮತಟ್ಟಾದ ದಾರಿಯ ನಡಿಗೆ ಅದನ್ನು ತಡೆಯುವುದಿಲ್ಲ. ಬಚ್ಚಲಲ್ಲಿ ಕಾಲು ಜಾರಿದಾಗ ಕೈಗೆ ಆಧಾರ ಸಿಗುವ ಮೊದಲು ನಮ್ಮನ್ನು ಹಿಡಿದು ನಿಲ್ಲಿಸುವುದು ಆ ತೊಡೆ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಮೂಳೆಯೂ ಟೊಳ್ಳಾಗಿರುತ್ತದೆ, ಬಿದ್ದರೆ ಸೊಂಟದ ಮೂಳೆಗೇ ಪೆಟ್ಟು.

ಇನ್ನು ಕ್ಲಾಸಿಗೆ ಬರುತ್ತೇನೆ. ಮೊದಲ ಹತ್ತು ನಿಮಿಷ ಕೂತಲ್ಲೇ ಮೆರವಣಿಗೆ: ಮಂಡಿ ಎತ್ತಿ ಎತ್ತಿ ನೆಲಕ್ಕೆ ಹೆಜ್ಜೆ, ಭುಜ ತಿರುಗಿಸುವುದು, ಕಣಕಾಲು ಸುತ್ತುವುದು. ಫೋನಿಗೆ ಒಂದು ಸ್ಪೀಕರ್ ಸಿಕ್ಕಿಸಿ ರಾಜ್‌ಕುಮಾರ್ ಹಾಡು ಹಾಕುತ್ತಾಳೆ. ಆಮೇಲೆ ಕಣಕಾಲಿಗೆ ಮರಳಿನ ಚೀಲ ಕಟ್ಟಿಕೊಂಡು ಕಾಲು ನೀಟಾಗಿ ಮುಂದಕ್ಕೆ ಚಾಚುವುದು. ಈ ಚೀಲಗಳನ್ನು ಅಂಗಡಿಯಿಂದ ತಂದಿಲ್ಲ. ನಮ್ಮಲ್ಲೇ ಹೊಲಿಗೆ ಬಲ್ಲ ಇಬ್ಬರು ಹಳೇ ಜೀನ್ಸ್ ಪ್ಯಾಂಟ್ ಕತ್ತರಿಸಿ, ಅರ್ಧ ಕಿಲೋ, ಮುಕ್ಕಾಲು ಕಿಲೋ, ಒಂದು ಕಿಲೋ ಮರಳು ತೂಗಿ ತುಂಬಿ, ವೆಲ್ಕ್ರೋ ಹಚ್ಚಿ ಕೊಟ್ಟಿದ್ದಾರೆ. ಅರ್ಧದಿಂದ ಮುಕ್ಕಾಲಿಗೆ ಬಡ್ತಿ ಸಿಕ್ಕಿದ ದಿನ ಮನೆಗೆ ಹೋಗಿ ಎಲ್ಲರಿಗೂ ಹೇಳುವಷ್ಟು ಸಂಭ್ರಮ.

ಆಮೇಲೆ ಎದ್ದು ನಿಂತು ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತುವುದು, ಬೆರಳು ಎತ್ತುವುದು, ಕಾಲನ್ನು ಪಕ್ಕಕ್ಕೆ ತೆಗೆಯುವುದು. ಮೊದಲು ಎರಡು ಕೈ ಹಿಡಿಯಬಹುದು, ಕೆಲವು ವಾರಗಳ ಮೇಲೆ ಒಂದು ಕೈ, ಆಮೇಲೆ ಒಂದು ಬೆರಳು, ಕೊನೆಗೆ ಕುರ್ಚಿ ಹತ್ತಿರ ಇದ್ದರೆ ಸಾಕು. ಭವನದ ನೆಲದ ಗ್ರಾನೈಟ್ ಚಪ್ಪಡಿಗಳ ಸಂದು ಉದ್ದಕ್ಕೂ ನೇರ ಗೆರೆಯಿದೆ, ಅದರ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯುವುದು, ಹಿಂದಕ್ಕೆ ನಡೆಯುವುದು, ಎರಡು ಕುರ್ಚಿ ಸುತ್ತ ಎಂಟರ ಆಕಾರದಲ್ಲಿ ತಿರುಗುವುದು. ಇದರಲ್ಲಿ ಬಹಳಷ್ಟು ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ರೂಪಿಸಿದ ಕ್ರಮವಂತೆ. ಅದು ಮನೆಯಲ್ಲೇ ವಾರಕ್ಕೆ ಮೂರು ಸಲ ಮಾಡಲು ಹೊಂದಿಸಿದ್ದು. ಅಲ್ಲಿನ ಪ್ರಯೋಗಗಳಲ್ಲಿ ವಯಸ್ಸಾದವರು ಬೀಳುವುದು ಸುಮಾರು ಶೇ. 35ರಷ್ಟು ಕಡಿಮೆಯಾಯಿತು. ನಮ್ಮ ಹುಡುಗಿ ಅದನ್ನು ಗುಂಪಿಗೆ ಒಗ್ಗಿಸಿಕೊಂಡಿದ್ದಾಳೆ.

ಕೊನೆಗೆ ಏಳು-ಕೂರು. ಇದೇ ಈ ಕ್ಲಾಸಿನ ಜೀವಾಳ. ಏಳುವುದಕ್ಕೂ ಒಂದು ವಿದ್ಯೆ ಇದೆ ಎಂದು ಇಷ್ಟು ವಯಸ್ಸಾದ ಮೇಲೆ ಕಲಿಸಿದ್ದು ಇವಳೇ. ಕುರ್ಚಿಯ ಅಂಚಿಗೆ ಜರುಗಿ, ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಮೂಗು ಮಂಡಿಯ ಮುಂದೆ ಬರುವಷ್ಟು ಬಾಗಿ, ಆಮೇಲೆ ನೆಲವನ್ನು ಕಾಲಿನಿಂದ ಒತ್ತಬೇಕು. ಕೂರುವಾಗ ಧೊಪ್ಪನೆ ಬೀಳಬಾರದು. ನಾಲ್ಕು ಎಣಿಸುವವರೆಗೆ ನಿಧಾನವಾಗಿ ಇಳಿಯಬೇಕು, ಬಲ ಬರುವುದು ಆ ಇಳಿಯುವುದರಲ್ಲೇ ಹೆಚ್ಚು. ಎಲ್ಲರೂ ಗಟ್ಟಿಯಾಗಿ ಎಣಿಸಲೇಬೇಕು. ಎಣಿಸುವಾಗ ಉಸಿರು ಬಿಗಿ ಹಿಡಿಯಲು ಆಗುವುದಿಲ್ಲ, ಉಸಿರು ಬಿಗಿ ಹಿಡಿದರೆ ಬಿ.ಪಿ. ಏರುತ್ತದೆ, ಅದಕ್ಕೇ ಈ ಮಗ್ಗಿ.

ಕುರ್ಚಿಗಳ ಕಥೆಯನ್ನೂ ಹೇಳಬೇಕು. ಭವನದವರ ಪ್ಲಾಸ್ಟಿಕ್ ಕುರ್ಚಿ ಗ್ರಾನೈಟ್ ಮೇಲೆ ಜಾರುತ್ತಿತ್ತು, ಕಾಲು ಬೇರೆ ಅಗಲಕ್ಕೆ ಬಿಟ್ಟುಕೊಳ್ಳುತ್ತಿತ್ತು. ನಮ್ಮಲ್ಲಿ ಒಬ್ಬರು ಹಿಂದೆ ಯಾದವಗಿರಿಯ ಜಾವಾ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವರು. ಫ್ಯಾಕ್ಟರಿ 1996ರಲ್ಲಿ ಮುಚ್ಚಿತು, ಕೈಚಳಕ ಮುಚ್ಚಲಿಲ್ಲ. ಗುಜರಿಯಿಂದ ಕಬ್ಬಿಣದ ಕುರ್ಚಿ ಹುಡುಕಿ ತಂದು, ಬೆಸುಗೆ ಹಾಕಿಸಿ, ನಾಲ್ಕೂ ಕಾಲಿಗೆ ರಬ್ಬರ್ ಬುಷ್ ತೊಡಿಸಿ ಕೊಟ್ಟಿದ್ದಾರೆ. ಈಗ ನಾವು ಕೂತು ಎದ್ದರೂ ಅವು ಕದಲುವುದಿಲ್ಲ. ಸಂಘದವರು ಇದಕ್ಕೆ ಕೊಟ್ಟದ್ದು ಸಾಮಾನಿನ ದುಡ್ಡು ಮಾತ್ರ, ಕೂಲಿ ಅವರು ಮುಟ್ಟಲಿಲ್ಲ.

ಗುಣ ಸಿಕ್ಕಿತೇ ಎಂದರೆ, ಸಿಕ್ಕಿತು. ಪರೀಕ್ಷೆ ಮತ್ತೆ ಮಾಡಿದಾಗ ನನ್ನ ಎಂಟು ಹನ್ನೆರಡಾಗಿತ್ತು. ಮಂಡಿನೋವು ಮಾಯವಾಗಿಲ್ಲ, ಅದು ಹೋಗುತ್ತದೆ ಎಂದು ಹುಡುಗಿ ಹೇಳಿಯೂ ಇರಲಿಲ್ಲ. ತೊಡೆ ಗಟ್ಟಿಯಾದರೆ ಮಂಡಿಯ ಮೇಲಿನ ಹೊರೆ ತಗ್ಗುತ್ತದೆ ಎಂದಿದ್ದಳು, ಅಷ್ಟು ಆಗಿದೆ. ನನಗೆ ನಿಜವಾಗಿ ಗೊತ್ತಾದದ್ದು ಸಿಟಿ ಬಸ್ಸಿನಲ್ಲಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ದುಡ್ಡು ಉಳಿಯಿತು, ಆದರೆ ಆ ಮೊದಲ ಮೆಟ್ಟಿಲು ಎಷ್ಟು ಎತ್ತರ ಕಣ್ರೀ! ಹಿಂದೆ ಯಾರಾದರೂ ಹುಡುಗಿಯರು ಇದ್ದರೆ ಸೊಂಟಕ್ಕೆ ಕೈ ಕೊಟ್ಟು ನೂಕುತ್ತಿದ್ದರು. ಈಗ ಕಂಬಿ ಹಿಡಿದು ನಾನೇ ಹತ್ತುತ್ತೇನೆ. ದೇವರಾಜ ಮಾರುಕಟ್ಟೆಗೆ ಹೋಗಿ ಒಂದು ಕೈಚೀಲ ವೀಳ್ಯದೆಲೆ, ತರಕಾರಿ ತಂದು ಆಟೋ ಹಿಡಿಯದೆ ಮನೆ ಸೇರಿದ್ದೇನೆ.

ದೂರುಗಳಿಗೆ ಬರೋಣ. ಬೀಳದಿರುವುದನ್ನು ಕಲಿಸುವ ಈ ಕ್ಲಾಸಿಗೆ ಹೋಗಬೇಕಾದರೆ ಭವನದ ಮುಂದಿನ ಏಳು ಮೆಟ್ಟಿಲು ಹತ್ತಬೇಕು. ರೇಲಿಂಗ್ ಇಲ್ಲ. ಎರಡೂ ಬದಿಗೆ ಇಲ್ಲ. ಮಳೆ ಬಂದರೆ ಗ್ರಾನೈಟ್ ಪಾಚಿ ಹಿಡಿದ ಕಲ್ಯಾಣಿ ಮೆಟ್ಟಿಲಿನ ಹಾಗೆ. ಸುತ್ತು ಹಾಕಿ ಹೋದರೆ ಅಡುಗೆ ಕೋಣೆ ಕಡೆ ಒಂದು ಇಳಿಜಾರಿದೆ, ಅದಕ್ಕೆ ಸದಾ ಬೀಗ. ವಾಕರ್ ಹಿಡಿದು ನಡೆಯುವವರು ಇಬ್ಬರು ಬಂದು ಮೆಟ್ಟಿಲು ನೋಡಿ ವಾಪಸ್ ಹೋದರು. ಈ ಕ್ಲಾಸು ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವರೇ ಅವರು. ಕಮಿಟಿಯಲ್ಲಿ ಕೇಳಿದರೆ ಕಟ್ಟಡ ನಮ್ಮದಲ್ಲ, ಅರ್ಜಿ ಹೋಗಿದೆ, ಫಂಡ್ ಇಲ್ಲ ಎನ್ನುತ್ತಾರೆ. ವಾರ್ಷಿಕೋತ್ಸವಕ್ಕೆ ಮಾತ್ರ ಶಾಮಿಯಾನ, ವೇದಿಕೆಯ ಮೇಲೆ ಹನ್ನೆರಡು ಜನಕ್ಕೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಭಾಷಣ ಮುಗಿಯುವವರೆಗೆ ಹಿರಿಯರೆಲ್ಲ ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಲುಗಾಡದೆ ಕೂತಿದ್ದೆವು. ಕೂತೇ ಇರಬೇಡಿ ಎಂಬ ವಿಷಯದ ಮೇಲೇ ಭಾಷಣ.

ಶೌಚಾಲಯವೂ ಹಾಗೆಯೇ. ಮೂತ್ರ ತಡೆಯಲಾಗದ ಭಯಕ್ಕೆ ಎಷ್ಟೋ ಹೆಂಗಸರು ಇಂಥ ಕಡೆ ಬರುವುದೇ ಇಲ್ಲ, ಬಂದರೂ ನೀರು ಕುಡಿಯದೆ ಬರುತ್ತಾರೆ. ಇಲ್ಲಿ ಇರುವುದು ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ, ಹಿಡಿದುಕೊಳ್ಳಲು ಕಂಬಿಯಿಲ್ಲ, ಬೀಗದ ಕೈ ಕಾವಲುಗಾರನ ಜೇಬಿನಲ್ಲಿ.

ಮದುವೆ ಕಾಲದಲ್ಲಿ ಕ್ಲಾಸು ನಡೆಯುವುದು ದೇವರ ಇಚ್ಛೆ. ಭವನ ಬುಕ್ ಆಗಿದ್ದರೆ ಹಿಂದಿನ ರಾತ್ರಿ ಮೆಸೇಜ್ ಬರುತ್ತದೆ, ಕೆಲವು ಸಲ ಅದೂ ಬರುವುದಿಲ್ಲ. ಒಮ್ಮೆ ನಾವು ಹೋದಾಗ ನಾಮಕರಣದ ಮನೆಯವರು ರಂಗೋಲಿ ಬಿಡುತ್ತಿದ್ದರು, ನಮ್ಮನ್ನು ಅತಿಥಿಗಳೆಂದು ತಿಳಿದು ಕಾಫಿ ಕೊಟ್ಟು ಕೂರಿಸಿದರು. ಆರತಕ್ಷತೆ ಮುಗಿದ ಮಾರನೆಯ ಬೆಳಿಗ್ಗೆಯಾದರೆ ನೆಲದ ಮೇಲೆ ಹೂವಿನ ಎಸಳು, ಅಂಟಂಟು ಅಕ್ಷತೆ, ಒದ್ದೆ. ಇಂಥ ದಿನಗಳಲ್ಲಿ ಮೊದಲ ಕಾಲು ಗಂಟೆ ನಾವೇ ಪೊರಕೆ ಹಿಡಿದು ಗುಡಿಸಿದ್ದೇವೆ. ಅದೂ ವ್ಯಾಯಾಮವೇ ಬಿಡಿ, ಆದರೆ ಅದಕ್ಕೆ ಮುನ್ನೂರು ಕೊಡಬೇಕಿಲ್ಲ.

ಕ್ಲಾಸಿನೊಳಗಿನ ಕೊರತೆ ಒಂದೇ, ಆದರೆ ಸಣ್ಣದಲ್ಲ. ಮೂವತ್ತು ಜನರಿಗೆ ಒಬ್ಬಳೇ ಹುಡುಗಿ. ಹೊಸಬರ ಕಡೆ ಅವಳ ಕಣ್ಣು ಇರುವುದರಿಂದ ಹಳಬರಿಗೆ ಮುಂದಿನ ಪಾಠ ಸಿಗುವುದಿಲ್ಲ. ಪಿ.ಟಿ. ಮೇಷ್ಟ್ರಂಥವರಿಗೆ ಒಂದು ಕಿಲೋ ಚೀಲ ಆಟಿಕೆಯಾಗಿದೆ. ಎರಡು ತಂಡ ಮಾಡಿ, ಒಂದಕ್ಕೆ ಭಾರ ಹೆಚ್ಚಿಸಿ ಎಂದು ಹೇಳುತ್ತಲೇ ಇದ್ದೇವೆ. ಪರೀಕ್ಷೆಯ ಫಲಿತಾಂಶವನ್ನು ಒಂದು ಕಾರ್ಡಿನಲ್ಲಿ ಬರೆದು ಕೈಗೆ ಕೊಟ್ಟರೆ ನಮ್ಮ ಡಾಕ್ಟರಿಗೂ ತೋರಿಸಬಹುದು; ಈಗ ಅದು ಅವಳ ನೋಟ್‌ಬುಕ್ಕಿನಲ್ಲೇ ಉಳಿಯುತ್ತದೆ. ಇನ್ನೊಂದು ಮಾತು, ಅದು ಅವಳಿಗೆ ನೇರವಾಗಿಯೇ ಹೇಳಿದ್ದೇನೆ: ಗಂಡಸರನ್ನೆಲ್ಲ ‘ಸಾರ್’ ಅಂತಾಳೆ, ನಮ್ಮನ್ನು ‘ಅಜ್ಜಿ’ ಅಂತಾಳೆ. ‘ನಿಮ್ಮ ಸಾರ್ ನನಗಿಂತ ಐದು ವರ್ಷಕ್ಕೆ ದೊಡ್ಡವರು ಕಣಮ್ಮ’ ಎಂದೆ. ಈಗ ‘ಮೇಡಂ’ ಆಗಿದ್ದೇನೆ.

ಬೆಳಗಿನ ಏಳು ಗಂಟೆ ಕೆಲವರಿಗೆ ಒದಗುವುದಿಲ್ಲ ಎಂಬುದನ್ನೂ ಬರೆಯಬೇಕು. ನಮ್ಮ ವಯಸ್ಸಿನವರೇ, ಮೂರು ನಾಲ್ಕು ಮನೆಗಳ ಪಾತ್ರೆ ತೊಳೆದು ನೆಲ ಒರೆಸುವ ಹೆಂಗಸರು ಆ ಹೊತ್ತಿಗೆ ಕೆಲಸದಲ್ಲಿರುತ್ತಾರೆ. ಅವರ ಮಂಡಿ ನಮ್ಮ ಮಂಡಿಗಿಂತ ಹೆಚ್ಚು ಸವೆದಿದೆ. ಸಂಜೆ ನಾಲ್ಕಕ್ಕೆ ಒಂದು ತಂಡ ಮಾಡಿ, ಅವರಿಂದ ದುಡ್ಡು ತೆಗೆದುಕೊಳ್ಳಬೇಡಿ ಎಂದು ಮಹಾಸಭೆಯಲ್ಲಿ ಎದ್ದು ನಿಂತು ಕೇಳಿದೆ. ನಡಾವಳಿಯಲ್ಲಿ ಬರೆದುಕೊಂಡಿದ್ದಾರೆ.

ಗಂಡಸರ ವಿಷಯ: ಭವನದ ಎದುರಿನ ಕಲ್ಲುಬೆಂಚಿನ ಮೇಲೆ ಅದೇ ಹೊತ್ತಿಗೆ ಹತ್ತು ಹನ್ನೆರಡು ಜನ ಪೇಪರ್ ಹರಡಿಕೊಂಡು ಸರ್ಕಾರ ಬೀಳಿಸುತ್ತಿರುತ್ತಾರೆ. ಒಳಗೆ ಬನ್ನಿ ಎಂದರೆ ‘ಅದು ಹೆಂಗಸರ ಕ್ಲಾಸು’ ಎನ್ನುತ್ತಾರೆ. ಅವರಲ್ಲಿ ಒಬ್ಬರು ಬೆಂಚಿನಿಂದ ಏಳುವುದನ್ನು ದಿನಾ ನೋಡುತ್ತೇನೆ, ಎರಡು ಕೈ ಊರಿ, ಒಮ್ಮೆ ಜೀಕಿ, ಎರಡನೇ ಸಲಕ್ಕೆ ಏಳುತ್ತಾರೆ. ಇನ್ನೊಂದು ವರ್ಷದಲ್ಲಿ ಒಳ ಬರುತ್ತಾರೆ.

ಸಂಘದವರು ಮಾಡಿರುವ ಒಂದು ಏರ್ಪಾಟಿಗೆ ಮಾತ್ರ ಪೂರ್ತಿ ಅಂಕ ಕೊಡುತ್ತೇನೆ. ಯಾರಾದರೂ ಎರಡು ಕ್ಲಾಸು ಸತತವಾಗಿ ಬರದಿದ್ದರೆ ಅವರಿಗೆ ಫೋನ್ ಹೋಗಬೇಕು. ಮೆಸೇಜ್ ಅಲ್ಲ, ಫೋನ್. ವಾಟ್ಸಾಪ್ ಗುಂಪು ಇದೆ, ಅದರಲ್ಲಿ ಗುಲಾಬಿ ಹೂವಿನ ಶುಭೋದಯ ಮತ್ತು ಸಕ್ಕರೆ ಕಾಯಿಲೆ ಮೂರೇ ದಿನದಲ್ಲಿ ವಾಸಿ ಮಾಡುವ ಕಷಾಯ ಬಿಟ್ಟು ಬೇರೇನೂ ಬರುವುದಿಲ್ಲ. ಫೋನ್ ಮಾಡುವ ಕೆಲಸವನ್ನು, ಹಳೇ ಆಪರೇಟರ್ ಎಂದು, ನನಗೆ ವಹಿಸಿದ್ದಾರೆ. ಶುಕ್ರವಾರ ಕ್ಲಾಸು ಮುಗಿದ ಮೇಲೆ ಹಾಜರಿ ಪುಸ್ತಕ ಹಿಡಿದು ಕೂರುತ್ತೇನೆ. ಹೆಚ್ಚಿನವರು ಮಗಳ ಮನೆಗೆ ಹೋಗಿರುತ್ತಾರೆ, ಇಲ್ಲವೇ ಶೀತ. ಆದರೆ ಒಂದು ಸಲ ಒಬ್ಬರು ಫೋನ್ ಎತ್ತಲೇ ಇಲ್ಲ. ಮಗ ಪುಣೆಯಲ್ಲಿ, ಮನೆಯಲ್ಲಿ ಒಬ್ಬರೇ. ಜಾವಾದವರನ್ನು ಸ್ಕೂಟರಿನಲ್ಲಿ ಓಡಿಸಿದೆವು. ಹಿತ್ತಿಲಲ್ಲಿ ಕಾಲು ಉಳುಕಿ ಕೂತಿದ್ದರು, ಫೋನ್ ಒಳಗೆ ಮೇಜಿನ ಮೇಲೆ. ‘ಎದ್ದು ನಿಲ್ಲೋಕೆ ಆಗುತ್ತೆ, ನಡೆಯೋಕೆ ಆಗ್ತಿಲ್ಲ’ ಎಂದರಂತೆ. ಪಾರ್ಕಿನ ಗುಂಪಿನಲ್ಲಿ ನೂರರಲ್ಲಿ ಒಬ್ಬರು ಬರದಿದ್ದರೆ ಗಮನಿಸುವವರು ಕಡಿಮೆ.

ನಗರದಲ್ಲಿ ಈಗ ಹಿರಿಯರ ಪ್ಯಾಕೇಜ್ ಎಂದು ಎ.ಸಿ. ಜಿಮ್‌ಗಳೂ ಬೋರ್ಡ್ ಹಾಕಿವೆ. ಮಗ ಒಂದಕ್ಕೆ ಕರೆದುಕೊಂಡು ಹೋಗಿದ್ದ. ಯಂತ್ರಗಳು ಚೆನ್ನಾಗಿವೆ, ಭಾರ ಕಿಲೋ ಲೆಕ್ಕದಲ್ಲಿ ಏರಿಸಬಹುದು, ಲಿಫ್ಟ್ ಇದೆ, ಶೌಚಾಲಯ ಅರಮನೆ. ತರಬೇತುದಾರ ಹುಡುಗ ಮೊದಲು ಕೇಳಿದ್ದು ನನ್ನ ತೂಕ, ಕೊನೆಗೆ ಕೇಳಿದ್ದೂ ನನ್ನ ತೂಕ. ದುಡ್ಡೂ ತಾಳ್ಮೆಯೂ ಇರುವವರು ಅಲ್ಲಿ ಒಳ್ಳೆಯ ಫಿಸಿಯೋ ಇದ್ದಾರೆಯೇ ಎಂದು ವಿಚಾರಿಸಿಕೊಂಡು ಸೇರಬಹುದು.

ನಮ್ಮ ಕ್ಲಾಸಿಗೆ ಬರುವವರಿಗೆ ಒಂದಿಷ್ಟು ಸೂಚನೆ. ಎದೆನೋವು, ತಲೆಸುತ್ತು ಇರುವವರು, ಹೊಸದಾಗಿ ಆಪರೇಷನ್ ಆದವರು ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಹುಡುಗಿ ಹೇಗೂ ಚೀಟಿ ಕೇಳುತ್ತಾಳೆ. ಹವಾಯಿ ಚಪ್ಪಲಿಯಲ್ಲಿ ಬರಬೇಡಿ, ಹಿಮ್ಮಡಿ ಮುಚ್ಚುವ ಶೂ ಬೇಕು. ಸೀರೆಯಾದರೆ ನೆರಿಗೆ ಪಾದಕ್ಕೆ ಸಿಗದಷ್ಟು ಎತ್ತರಕ್ಕೆ ಉಡಿ, ಚೂಡಿದಾರ್ ಆದರೆ ಇನ್ನೂ ವಾಸಿ. ಶುಗರ್ ಮಾತ್ರೆ ನುಂಗಿ ಬರೀ ಹೊಟ್ಟೆಯಲ್ಲಿ ಬರುವುದು ಬೇಡ, ಎರಡು ಬಿಸ್ಕತ್ತು ತಿಂದು ಬನ್ನಿ. ಚಳಿಗಾಲದಲ್ಲಿ ಆರೂವರೆಗೆ ಇನ್ನೂ ಮಬ್ಬು, ಬೀದಿ ನಾಯಿಗಳಿರುತ್ತವೆ, ಇಬ್ಬರು ಮೂವರು ಸೇರಿ ಬರುವುದು ಒಳ್ಳೆಯದು. ಹೊಸಬರನ್ನು ತಿಂಗಳ ಮೊದಲ ಸೋಮವಾರ ಮಾತ್ರ ಸೇರಿಸಿಕೊಳ್ಳುತ್ತಾರೆ. ಅವತ್ತು ಆರೂ ಮುಕ್ಕಾಲಿಗೇ ಬನ್ನಿ, ಬುಷ್ ಹಾಕಿದ ಕುರ್ಚಿ ಇರುವುದು ಇಪ್ಪತ್ತೆಂಟೇ. ತಡವಾಗಿ ಬಂದವರಿಗೆ ಪ್ಲಾಸ್ಟಿಕ್ಕಿನದು, ಅದನ್ನು ಗೋಡೆಗೆ ಒತ್ತಿಟ್ಟುಕೊಂಡೇ ಕೂರಿ.